ವಸ್ತು ಮುಗಿದ ಮೇಲೆ ವಿನ್ಯಾಸದ ಪುಸ್ತಕ ತುಂಬುವ ಮಕ್ಕಳು: ಪ್ರಕ್ರಿಯೆಯನ್ನು ನಿಜವಾಗಿ ಕಲಿಸುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ವಿಜ್ಞಾನ ಶಿಕ್ಷಕಿ. ನಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ವಸ್ತುಗಳನ್ನು ಮಾಡಿ ಕಲಿಯುವ, ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇರುವುದರಿಂದ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಅವಧಿ ವಿನ್ಯಾಸ ಮತ್ತು ತಯಾರಿಕೆಯ ಕೆಲಸವನ್ನೂ ನಾನೇ ನಡೆಸುತ್ತೇನೆ. ಮೂರು ವರ್ಷಗಳಿಂದ ಒಂದೇ ತೊಂದರೆ ಕಾಡುತ್ತಿದೆ, ಬಲ್ಲವರು ದಾರಿ ತೋರಿಸಬೇಕು.

ವಿನ್ಯಾಸ ಪ್ರಕ್ರಿಯೆಯ ಹಂತಗಳನ್ನು ಲ್ಯಾಬಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ: ಸಮಸ್ಯೆ ಗುರುತಿಸುವುದು, ಬಳಸುವವರ ಅಗತ್ಯ ತಿಳಿಯುವುದು, ಹಲವು ಆಲೋಚನೆಗಳನ್ನು ಹಾಕಿಕೊಳ್ಳುವುದು, ಒಂದನ್ನು ಆರಿಸಿ ಮಾದರಿ ಮಾಡುವುದು, ಪರೀಕ್ಷಿಸಿ ತಿದ್ದುವುದು. ಪ್ರತಿ ಗುಂಪಿಗೂ ಒಂದೊಂದು ವಿನ್ಯಾಸದ ಪುಸ್ತಕ ಕೊಟ್ಟಿದ್ದೇನೆ. ಆದರೆ ನಡೆಯುವುದೆಲ್ಲ ತಲೆಕೆಳಗು. ಮಕ್ಕಳು ಮೊದಲ ದಿನವೇ ಯೂಟ್ಯೂಬಿನಲ್ಲಿ ಕಂಡ ಒಂದು ವಸ್ತುವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಬರುತ್ತಾರೆ. ಕೈ ಹತ್ತಿರ ತಂದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ಅಡ್ಡ ಏನಾದರೂ ಬಂದರೆ ಸದ್ದು ಮಾಡುವ ಕೋಲು, ಮಣ್ಣು ಒಣಗಿದರೆ ತಾನೇ ಚಾಲೂ ಆಗುವ ಪಂಪು, ಈ ಮೂರರಲ್ಲಿ ಒಂದು ಖಚಿತ. ಅದನ್ನು ಜೋಡಿಸಿ ಮುಗಿಸಿದ ಮೇಲೆ ಪುಸ್ತಕದ ಹಿಂದಿನ ಪುಟಗಳನ್ನು ತುಂಬುತ್ತಾರೆ.

ಕಳೆದ ವರ್ಷ ಪ್ರದರ್ಶನದ ಹಿಂದಿನ ಸಂಜೆ ಒಬ್ಬ ಹುಡುಗಿ ಲ್ಯಾಬಿನ ಕಿಟಕಿಯ ಪಕ್ಕ ಕೂತು ‘ನಾಲ್ಕು ಪರ್ಯಾಯ ಆಲೋಚನೆಗಳು’ ಎಂಬ ಪುಟ ಬರೆಯುತ್ತಿದ್ದಳು. ಸಿದ್ಧವಾದ ಕಸದ ಡಬ್ಬಿ ಅವಳ ಎದುರಿಗೇ ಇತ್ತು. ಮೊದಲ ಚಿತ್ರಕ್ಕೆ ಜೂನ್ ತಿಂಗಳ ತಾರೀಕು, ಎರಡನೆಯದಕ್ಕೆ ಜುಲೈ, ಆದರೆ ನಾಲ್ಕಕ್ಕೂ ಒಂದೇ ನೀಲಿ ಜೆಲ್ ಪೆನ್ನು, ಕೊನೆಯ ಚಿತ್ರದ ಶಾಯಿ ಇನ್ನೂ ಆರಿರಲಿಲ್ಲ. ನಾನು ಕೇಳಿದಾಗ ಏನನ್ನೂ ಬಚ್ಚಿಡದೆ, “ಮಿಸ್, ಮಾರ್ಕ್ಸ್ ಇರೋದು ಪುಟಕ್ಕೆ ಅಲ್ವಾ?” ಎಂದಳು. ಅವಳದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅಂಕಪಟ್ಟಿಯನ್ನು ಹಾಗೆ ಮಾಡಿದವಳು ನಾನು.

ಮಕ್ಕಳು ಪ್ರಕ್ರಿಯೆಯನ್ನು ಬರೆಯುವುದಕ್ಕಲ್ಲದೆ ನಡೆಯುವುದಕ್ಕೆ ಏನು ಮಾಡಬೇಕು? ಎಂಥ ಸಮಸ್ಯೆ ಕೊಡಬೇಕು, ಅಂಕವನ್ನು ಯಾವುದಕ್ಕೆ ಕೊಡಬೇಕು?

ಉತ್ತರ 1: ಡಿಸೈನ್ ಅಂಡ್ ಟೆಕ್ನಾಲಜಿ ಶಿಕ್ಷಕ, ಇಂಗ್ಲೆಂಡ್

ನನ್ನೂರು ಹಾಸನದ ಕಡೆ. ಹದಿಮೂರು ವರ್ಷಗಳಿಂದ ಇಲ್ಲಿನ ಒಂದು ಮಾಧ್ಯಮಿಕ ಶಾಲೆಯಲ್ಲಿ ‘ಡಿಸೈನ್ ಅಂಡ್ ಟೆಕ್ನಾಲಜಿ’ ಕಲಿಸುತ್ತಿದ್ದೇನೆ. ನಿಮ್ಮ ವಿದ್ಯಾರ್ಥಿನಿಯ ಮಾತನ್ನು ನನ್ನ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಆದ್ದರಿಂದ ಇದು ನಿಮ್ಮ ಶಾಲೆಯ ಕೊರತೆ ಎಂದು ದಯವಿಟ್ಟು ಭಾವಿಸಬೇಡಿ.

ಇಲ್ಲಿ ಈ ವಿಷಯ ರಾಷ್ಟ್ರೀಯ ಪಠ್ಯಕ್ರಮದ ಭಾಗವಾದದ್ದು 1990ರಲ್ಲಿ. ಅದಕ್ಕೂ ಮುನ್ನ 1985ರಲ್ಲೇ ಆರಂಭಿಸಿ 1991ರವರೆಗೆ, ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ರಿಚರ್ಡ್ ಕಿಂಬೆಲ್ ಮತ್ತು ಅವರ ಸಂಗಡಿಗರು 15 ವರ್ಷ ವಯಸ್ಸಿನ ಸುಮಾರು 10,000 ವಿದ್ಯಾರ್ಥಿಗಳ ವಿನ್ಯಾಸದ ಕೆಲಸವನ್ನು ಪರಿಶೀಲಿಸಿದರು. ಅವರು ಕಂಡುಕೊಂಡದ್ದು ನಿಮ್ಮ ಗೋಡೆಯ ಮೇಲಿನ ಪಟ್ಟಿಗೆ ನೇರವಾಗಿ ಸಂಬಂಧಿಸಿದೆ. ಹಂತಗಳ ಪಟ್ಟಿ ವಿನ್ಯಾಸಕಾರ ಮಾಡಿದ ಕೆಲಸವನ್ನು ಆಮೇಲೆ ವಿವರಿಸಲು ಅನುಕೂಲವಾದದ್ದು. ಅದನ್ನೇ ಮುಂದಾಗಿ ಮಾಡಬೇಕಾದ ವಿಧಿಯೆಂದು ಮಕ್ಕಳ ಕೈಗೆ ಕೊಟ್ಟಾಗ, ಪ್ರತಿ ಹಂತವೂ ಒಪ್ಪಿಸಬೇಕಾದ ಒಂದು ವಸ್ತುವಾಗಿಬಿಡುತ್ತದೆ, ಮಕ್ಕಳ ಗಮನವೆಲ್ಲ ಹಂತಗಳನ್ನು ಪೂರೈಸುವುದರ ಕಡೆಗೇ ಹೋಗುತ್ತದೆ. ಅದರ ಬದಲಿಗೆ ಅವರು ಮುಂದಿಟ್ಟ ಚಿತ್ರದಲ್ಲಿ ಮೆಟ್ಟಿಲುಗಳಿಲ್ಲ. ತಲೆಯೊಳಗೆ ಮಸುಕಾಗಿ ಹುಟ್ಟಿದ ಒಂದು ಯೋಚನೆ ಗೀಚಿದ ಚಿತ್ರವಾಗಿಯೋ ಕಡ್ಡಿ ಕಾಗದದ ಮಾದರಿಯಾಗಿಯೋ ಹೊರಗೆ ಬರುತ್ತದೆ, ಹೊರಗೆ ಬಂದದ್ದನ್ನು ಕಂಡು ತಲೆಯೊಳಗಿನದು ಸ್ವಲ್ಪ ಸ್ಪಷ್ಟವಾಗುತ್ತದೆ, ಮತ್ತೆ ಕೈಗೆ ಬರುತ್ತದೆ. ಮನಸ್ಸಿಗೂ ಕೈಗೂ ನಡುವಿನ ಈ ಓಡಾಟವೇ ವಿನ್ಯಾಸ ಎಂಬುದು ಅವರ ನಿಲುವು. ಹಾಗಾಗಿ ಮೊದಲ ದಿನವೇ ಮಕ್ಕಳಿಗೆ ಒಂದು ಉತ್ತರ ಹೊಳೆಯುವುದು ಅಪರಾಧವಲ್ಲ. ಆ ಉತ್ತರವನ್ನು ಯಾರೂ ಪ್ರಶ್ನಿಸದೆ, ಯಾವ ಕಾಗದದ ಮಾದರಿಯೂ ಅದನ್ನು ಅಲುಗಾಡಿಸದೆ, ಕೊನೆಯವರೆಗೂ ಅದೇ ಉಳಿಯುವುದು ನಮ್ಮ ತೊಂದರೆ.

ಅಂಕದ ಬಗ್ಗೆ ಕೇಳಿದ್ದೀರಿ. ಇಲ್ಲಿನ ಮಕ್ಕಳು ಸುಮಾರು 16ನೇ ವಯಸ್ಸಿನಲ್ಲಿ ತೆಗೆದುಕೊಳ್ಳುವ ಈಗಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಅರ್ಧ ಅಂಕ ಲಿಖಿತ ಪರೀಕ್ಷೆಗೆ, ಅರ್ಧ ಅಂಕ ವಿದ್ಯಾರ್ಥಿ ಸ್ವತಃ ವಿನ್ಯಾಸ ಮಾಡಿ ತಯಾರಿಸುವ ಯೋಜನೆಗೆ. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪದ್ಧತಿಯನ್ನು ನೋಡಿದರೆ, ಯೋಜನೆಯ 100 ಅಂಕಗಳಲ್ಲಿ ಸಾಧ್ಯತೆಗಳ ಶೋಧನೆಗೆ 10, ವಿನ್ಯಾಸದ ಉದ್ದೇಶ ಮತ್ತು ನಿಬಂಧನೆಗಳನ್ನು ಬರೆಯುವುದಕ್ಕೆ 10, ಆಲೋಚನೆಗಳನ್ನು ಹುಟ್ಟಿಸುವುದಕ್ಕೆ 20, ಬೆಳೆಸುವುದಕ್ಕೆ 20, ತಯಾರಿಕೆಗೆ 20, ವಿಶ್ಲೇಷಣೆ ಮತ್ತು ಮೌಲ್ಯಮಾಪನಕ್ಕೆ 20. ತಯಾರಾದ ವಸ್ತುವಿಗೆ ಐದನೇ ಒಂದು ಪಾಲು ಮಾತ್ರ. ಇಷ್ಟಾದರೂ ಪುಟ ತುಂಬುವ ಅಭ್ಯಾಸ ಹೋಗಿಲ್ಲ ಎಂಬುದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು, ಏಕೆಂದರೆ ಅಂಕ ಹಂಚಿಕೆಯನ್ನು ಬದಲಿಸಿದರೆ ಸಾಕು ಎಂಬ ನಿರೀಕ್ಷೆಯಲ್ಲಿ ನಾನೂ ಎರಡು ವರ್ಷ ಕಳೆದಿದ್ದೇನೆ.

ನನ್ನ ತರಗತಿಯಲ್ಲಿ ಪ್ರಯೋಜನ ಕಂಡದ್ದು ಬೇರೆ ಎರಡು ಸಂಗತಿಗಳಿಂದ. ಮೊದಲನೆಯದು, ವಸ್ತುವಿನ ಹೆಸರು ಹೇಳದೆ ಸಂದರ್ಭವನ್ನು ಮಾತ್ರ ಕೊಡುವುದು. ಪರೀಕ್ಷಾ ಮಂಡಳಿಗಳು ಪ್ರತಿ ವರ್ಷ ಜೂನ್ 1ರಂದು ಪ್ರಕಟಿಸುವುದು ಇಂಥ ಸಂದರ್ಭಗಳನ್ನೇ. ‘ಪೆನ್ನಿನ ಸ್ಟ್ಯಾಂಡ್ ಮಾಡಿ’ ಎಂದರೆ ಮಕ್ಕಳು ಇಂಟರ್ನೆಟ್ಟಿಗೆ ಹೋಗುತ್ತಾರೆ. ‘ವಯಸ್ಸಾದವರು ಮನೆಯೊಳಗೆ ಓಡಾಡುವುದು’ ಎಂದರೆ ಅಜ್ಜಿಯ ಹತ್ತಿರ ಹೋಗಲೇಬೇಕಾಗುತ್ತದೆ. ಎರಡನೆಯದು, ಕೆಲಸ ನಡೆಯುವಾಗಲೇ ಅದರ ಗುರುತನ್ನು ಹಿಡಿದಿಡುವುದು. ಗೋಲ್ಡ್‌ಸ್ಮಿತ್ಸ್‌ನವರೇ 2004ರ ನಂತರ ನಡೆಸಿದ ಇ-ಸ್ಕೇಪ್ ಎಂಬ ಪ್ರಯೋಗದಲ್ಲಿ ಮಕ್ಕಳ ಕೈಗೆ ಸಣ್ಣ ಸಾಧನ ಕೊಟ್ಟು, ಮಾದರಿ ಬೆಳೆಯುತ್ತಿದ್ದಂತೆ ಆಗಾಗ ಅದರ ಫೋಟೊ ತೆಗೆಸಿ, ಅವರ ಮಾತುಗಳನ್ನೂ ಧ್ವನಿಮುದ್ರಿಸಿದರು. ಆಮೇಲೆ ಅಂಕದ ಬದಲಿಗೆ ಇಬ್ಬರ ಕೆಲಸವನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಹಲವು ಶಿಕ್ಷಕರಿಂದ ತೀರ್ಮಾನ ಮಾಡಿಸಿದರು. ನಿಮಗೆ ಅಷ್ಟೆಲ್ಲ ಬೇಡ. ಪ್ರತಿ ಅವಧಿಯ ಕೊನೆಯ ಐದು ನಿಮಿಷ ನಿಮ್ಮ ಫೋನಿನಲ್ಲಿ ಪ್ರತಿ ಗುಂಪಿನ ಮೇಜಿನ ಒಂದು ಚಿತ್ರ ತೆಗೆಯಿರಿ. ಆ ಚಿತ್ರಕ್ಕೆ ತಾರೀಕು ತಾನಾಗಿಯೇ ಬೀಳುತ್ತದೆ, ಯಾವ ಪೆನ್ನೂ ಅದನ್ನು ಬದಲಿಸಲಾರದು.

ಉತ್ತರ 2: ಉತ್ಪನ್ನ ವಿನ್ಯಾಸಕಾರ, ಬೆಂಗಳೂರು

ಶಿಕ್ಷಕನಲ್ಲದಿದ್ದರೂ ಇದೇ ಕೆಲಸದಿಂದ ಹೊಟ್ಟೆ ಹೊರೆಯುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಪ್ರಕ್ರಿಯೆಯಲ್ಲಿ ಶಾಲೆಗಳು ಅತ್ಯಂತ ಬೇಗ ದಾಟಿಬಿಡುವ ಜಾಗ ನಿಬಂಧನೆಗಳ ಪಟ್ಟಿ, ನಾವು ಕೆಲಸದಲ್ಲಿ ‘ಸ್ಪೆಕ್’ ಎನ್ನುವುದು. ಮಕ್ಕಳ ಪುಸ್ತಕದಲ್ಲಿ ‘ಗಟ್ಟಿಯಾಗಿರಬೇಕು, ಚೆನ್ನಾಗಿ ಕಾಣಬೇಕು, ಕಡಿಮೆ ಬೆಲೆಯಲ್ಲಿ ಸಿಗಬೇಕು’ ಎಂದು ಇರುತ್ತದೆ. ಈ ಮೂರು ವಾಕ್ಯಗಳು ಜಗತ್ತಿನ ಯಾವ ವಸ್ತುವಿಗೂ ಸಲ್ಲುತ್ತವೆ, ಆದ್ದರಿಂದ ಯಾವುದನ್ನೂ ತೀರ್ಮಾನಿಸುವುದಿಲ್ಲ. ನಿಬಂಧನೆಗೆ ಅಳತೆ ಇರಬೇಕು, ಆ ಅಳತೆ ಒಬ್ಬ ನಿಜವಾದ ಮನುಷ್ಯನ ದೇಹದಿಂದ, ಅವರ ಜಾಗದಿಂದ, ಅವರ ಕಿಸೆಯಿಂದ ಬಂದಿರಬೇಕು. ಆಗ ಮಾತ್ರ ಪರೀಕ್ಷೆಯ ಹಂತದಲ್ಲಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಹೇಳಲು ಬರುತ್ತದೆ.

ಇದನ್ನು ಕಲಿಸಲು ನನಗೆ ಗೊತ್ತಿರುವ ಅತ್ಯುತ್ತಮ ಪಾಠದ ವಸ್ತು ಪ್ರತಿ ಮಗುವಿನ ಮನೆಯಲ್ಲೂ ಇದೆ: ತಂಬಿಗೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಸುತ್ತಾಡಿ 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಲು ಅದು ಮುಖ್ಯ ಕಾರಣ. ತಾವು ಇಲ್ಲಿ ನೋಡಿ ಮೆಚ್ಚಿದ ವಸ್ತುಗಳಲ್ಲೆಲ್ಲ ತಂಬಿಗೆಯೇ ಶ್ರೇಷ್ಠವಾದದ್ದೆಂದು ಹೇಳಿ, ಅದನ್ನು ಇವತ್ತು ಹೊಸದಾಗಿ ವಿನ್ಯಾಸ ಮಾಡಬೇಕಾದರೆ ಯಾವ ಯಾವ ಪ್ರಶ್ನೆ ಕೇಳಬೇಕಾಗುತ್ತದೆ ಎಂದು ಅವರು ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಯಾರದು, ಹೊರುವುದು ಸೊಂಟದ ಮೇಲೋ ತಲೆಯ ಮೇಲೋ, ತುಂಬಿದಾಗ ಮತ್ತು ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಒಳಗೆ ಕೈ ಹಾಕಿ ತೊಳೆಯಲು ಬರುತ್ತದೆಯೇ. ಕೊನೆಗೆ ಕಲ್ಲಿನ ಮೇಲೆ ಇಟ್ಟಾಗ ಎಂಥ ಸದ್ದಾಗುತ್ತದೆ ಎಂಬುದನ್ನೂ ಅವರು ಬಿಡಲಿಲ್ಲ. ತಂಬಿಗೆಯನ್ನು ಒಬ್ಬ ಮನುಷ್ಯ ರೂಪಿಸಲಿಲ್ಲ, ತಲೆಮಾರುಗಳು ರೂಪಿಸಿದವು ಎಂದೂ ಹೇಳಿದರು. ಒಂದು ಅವಧಿ ಪೂರ್ತಿ ಮಕ್ಕಳ ಮುಂದೆ ಒಂದು ತಂಬಿಗೆ ಇಟ್ಟು ಇಂಥ ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ. ಅದರ ಕೊರಳು ಯಾಕೆ ಅಷ್ಟೇ ಸಣ್ಣ, ಅಂಚು ಯಾಕೆ ಹೊರಕ್ಕೆ ಬಾಗಿದೆ ಎಂದು ಹುಡುಕುತ್ತಾ ಹೋದ ಮಗುವಿಗೆ ‘ಚೆನ್ನಾಗಿರಬೇಕು’ ಎಂದು ಬರೆಯುವುದು ಆಮೇಲೆ ಕಷ್ಟವಾಗುತ್ತದೆ.

ಇನ್ನೊಂದು ಉದಾಹರಣೆ ಜೈಪುರ ಕಾಲಿನದು. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಇದನ್ನು ರೂಪಿಸಿದಾಗ, ಕೃತಕ ಕಾಲುಗಳು ಇರಲಿಲ್ಲವೆಂದಲ್ಲ. ಇದ್ದವು ಬೂಟಿನೊಳಗೆ ಇರಲೆಂದು, ಕುರ್ಚಿಯ ಮೇಲೆ ಕೂರುವವರಿಗೆಂದು ಮಾಡಿದವು. ನಮ್ಮ ರೈತನಿಗೆ ಬರಿಗಾಲಿನಲ್ಲಿ ಕೆಸರಿಗೆ ಇಳಿಯಬೇಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಕು, ಕುಕ್ಕರುಗಾಲಿನಲ್ಲಿ ಕೂರಬೇಕು. ಬಳಸುವವರು ಹೇಗೆ ಕೂರುತ್ತಾರೆ ಎಂಬ ಒಂದೇ ಪ್ರಶ್ನೆ ಆ ಪಾದದ ರಬ್ಬರನ್ನೂ ಅದರ ಬಾಗುವಿಕೆಯನ್ನೂ ನಿರ್ಧರಿಸಿತು.

ಎಂಥ ಸಮಸ್ಯೆ ಕೊಡಬೇಕೆಂದು ಕೇಳಿದ್ದೀರಿ. ತರಗತಿಯಿಂದ ಐವತ್ತು ಹೆಜ್ಜೆಯೊಳಗೆ ಇರುವ ಮನುಷ್ಯರ ಸಮಸ್ಯೆ ಕೊಡಿ, ಏಕೆಂದರೆ ಮಕ್ಕಳು ಅವರ ಹತ್ತಿರ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ನಿಮ್ಮಲ್ಲಿ ಬಿಸಿಯೂಟದ ಅಡುಗೆಮನೆ ಇದ್ದೇ ಇರುತ್ತದೆ. ಒಂದು ಗುಂಪನ್ನು ಅಲ್ಲಿ ಅರ್ಧ ಗಂಟೆ ಕೂರಿಸಿ, ಏನನ್ನೂ ಕೇಳದೆ, ಕಂಡದ್ದನ್ನಷ್ಟೇ ಬರೆಯಲು ಹೇಳಿ. ‘ನಿಮಗೇನು ಕಷ್ಟ?’ ಎಂದು ಕೇಳಿದರೆ ಜನ ಸಾಮಾನ್ಯವಾಗಿ ‘ಏನಿಲ್ಲಪ್ಪ’ ಎನ್ನುತ್ತಾರೆ, ದಿನಾ ಪಡುವ ಕಷ್ಟ ಅವರ ಕಣ್ಣಿಗೆ ಕಷ್ಟವಾಗಿ ಕಾಣುವುದನ್ನು ಎಂದೋ ಬಿಟ್ಟಿರುತ್ತದೆ.

ಮೊದಲ ಮಾದರಿಯನ್ನು ರಟ್ಟಿನಲ್ಲಿ, ನಿಜವಾದ ಗಾತ್ರದಲ್ಲಿ, ಎರಡೇ ಅವಧಿಯಲ್ಲಿ ಮಾಡಿಸಿ. ತ್ರೀಡಿ ಪ್ರಿಂಟರ್ ಇದ್ದರೂ ಆಗ ಮುಟ್ಟಬೇಡಿ. ಅಂಗೈಯಗಲದ ಒಂದು ಭಾಗಕ್ಕೆ ಅದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಕಾದು ಪಡೆದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ರಟ್ಟಿನ ದೊಡ್ಡ ಗುಣವೆಂದರೆ ಅದನ್ನು ಹರಿದುಹಾಕಲು ಸಂಕಟವಾಗುವುದಿಲ್ಲ.

ಉತ್ತರ 3: ನಿವೃತ್ತ ವೃತ್ತಿ ಶಿಕ್ಷಣ ಶಿಕ್ಷಕ, ಶಿರಸಿ

ಮೇಲಿನ ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ, ಅದನ್ನು ಹೇಳದಿದ್ದರೆ ಮೂವತ್ತೊಂದು ವರ್ಷ ಮರಗೆಲಸ ಕಲಿಸಿದ್ದಕ್ಕೆ ಅರ್ಥವಿರುವುದಿಲ್ಲ.

ಮರವನ್ನೇ ಮುಟ್ಟದ ಮಗು ಮರದಲ್ಲಿ ಏನನ್ನು ವಿನ್ಯಾಸ ಮಾಡೀತು? ನಾಲ್ಕು ಪರ್ಯಾಯ ಬರೆ ಎಂದರೆ ಅದಕ್ಕೆ ಗೊತ್ತಿರುವುದು ಚೌಕ, ಗುಂಡು ಮತ್ತು ಬಣ್ಣ. ಮರಕ್ಕೆ ಎಳೆ ಇರುತ್ತದೆ, ಎಳೆಯ ಉದ್ದಕ್ಕೆ ಉಳಿ ಇಟ್ಟರೆ ಸೀಳುತ್ತದೆ, ಅಡ್ಡಕ್ಕೆ ಇಟ್ಟರೆ ಕತ್ತರಿಸುತ್ತದೆ, ಅಂಚಿನ ಹತ್ತಿರ ತೂತು ಕೊರೆಯದೆ ಮೊಳೆ ಹೊಡೆದರೆ ಹಲಗೆ ಬಾಯಿ ಬಿಡುತ್ತದೆ, ನಮ್ಮ ಕಡೆಯ ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆಯೇ ಹೊರತು ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಇವೆಲ್ಲ ಪುಸ್ತಕದಲ್ಲಿ ಓದಿ ಬರುವಂಥವಲ್ಲ. ಇವು ಕೈಗೆ ಬಂದ ಮಗುವಿಗೆ ಪರ್ಯಾಯಗಳು ತಾವಾಗಿಯೇ ಹೊಳೆಯುತ್ತವೆ, ಯಾಕೆಂದರೆ ‘ಇಲ್ಲಿ ಮೊಳೆ ಹೊಡೆದರೆ ಒಡೆಯುತ್ತದೆ, ಕಚ್ಚು ಹಾಕಿ ಕೂಡಿಸಬೇಕು’ ಎಂದು ಯೋಚಿಸುವುದೇ ಒಂದು ಪರ್ಯಾಯ.

ನಮ್ಮ ದೇಶದಲ್ಲಿ ಕೈಕೆಲಸವನ್ನು ಕಲಿಕೆಯೊಳಗೆ ತರುವ ಪ್ರಯತ್ನ ಹೊಸದೇನಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಕಲಿಸುವ ನಯೀ ತಾಲೀಮನ್ನು ಮುಂದಿಟ್ಟರು, 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರಿಟ್ಟಿತು, 2020ರ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿ ಕೌಶಲಗಳ ಪರಿಚಯ ಬೇಕೆಂದಿದೆ. ನನ್ನ ಅನುಭವದಲ್ಲಿ ಹೆಸರು ಬದಲಾದಾಗಲೆಲ್ಲ ಕಡಿಮೆಯಾಗುತ್ತಾ ಬಂದದ್ದು ಹತಾರ ಹಿಡಿಯುವ ಹೊತ್ತು. ತಯಾರಿಕೆಗೆ ನೂರರಲ್ಲಿ 20 ಅಂಕ ಎಂಬುದನ್ನು ಓದಿದಾಗ ನನಗೆ ಬೇಸರವಾಯಿತು.

ತುಮಕೂರಿನ ಮೇಡಂ ಅವರಿಗೆ ನನ್ನ ಸಲಹೆ ಇಷ್ಟು. ಯೋಜನೆಗೆ ಕೈಹಾಕುವ ಮುಂಚೆ ಒಂದು ತಿಂಗಳು ಬರೀ ಸಣ್ಣ ಕೆಲಸ ಮಾಡಿಸಿ. ಒಂದು ಅಡಿಯ ಹಲಗೆಯನ್ನು ಗೆರೆಯ ಮೇಲೆಯೇ ನೇರ ಕೊಯ್ಯುವುದು, ಎರಡು ತುಂಡುಗಳನ್ನು ಮೂಲೆಮಟ್ಟಕ್ಕೆ ಕೂಡಿಸುವುದು, ಒಂದು ತೂತನ್ನು ಓರೆಯಾಗದಂತೆ ಕೊರೆಯುವುದು. ಕೊಯ್ಯುವಾಗ ಹಲಗೆಯನ್ನು ಕಾಲಲ್ಲಿ ಒತ್ತದೆ ಮೇಜಿನ ಇಕ್ಕಳಕ್ಕೆ ಕಟ್ಟುವುದು ಮತ್ತು ಉಳಿಯ ಮುಂದೆ ಇನ್ನೊಂದು ಕೈ ಇಡದಿರುವುದು, ಇವೆರಡನ್ನು ಮೊದಲ ದಿನವೇ ಅಭ್ಯಾಸವಾಗಿಸಿ.

ಉತ್ತರ 4: ಡಿಸೈನ್ ಅಂಡ್ ಟೆಕ್ನಾಲಜಿ ಶಿಕ್ಷಕ, ಇಂಗ್ಲೆಂಡ್

ಶಿರಸಿಯ ಹಿರಿಯರ ಮಾತನ್ನು ಒಪ್ಪುತ್ತೇನೆ, ನನ್ನ ಉತ್ತರದಲ್ಲಿ ಅದು ಬಿಟ್ಟುಹೋಗಿತ್ತು. ಇಲ್ಲಿ 1995ರ ಪಠ್ಯಕ್ರಮ ಇದನ್ನು ಗುರುತಿಸಿ ಕೆಲಸವನ್ನು ಮೂರು ಬಗೆಯಾಗಿ ನೋಡಿತು: ಇರುವ ವಸ್ತುವನ್ನು ಬಿಚ್ಚಿ ನೋಡಿ ತೂಗುವುದು, ಒಂದೊಂದೇ ಕೌಶಲವನ್ನು ಕಲಿಸುವ ಸಣ್ಣ ಕೆಲಸ, ಆಮೇಲೆ ಇವೆರಡನ್ನೂ ಬಳಸಬೇಕಾದ ಪೂರ್ಣ ಯೋಜನೆ. ತಂಬಿಗೆಯ ಪಾಠ ಮೊದಲನೆಯ ಬಗೆಯದು, ಅವರು ಹೇಳಿದ ಹಲಗೆ ಕೊಯ್ಯುವ ಪಾಠ ಎರಡನೆಯದು. ಮೂರನೆಯದರಿಂದಲೇ ಆರಂಭಿಸುವುದರಿಂದ ಮಕ್ಕಳು ಯೂಟ್ಯೂಬಿನ ಆಸರೆ ಹಿಡಿಯುತ್ತಾರೆ.

ಉತ್ತರ 5: ಶಿಕ್ಷಕ ತರಬೇತುದಾರ, ಮೈಸೂರು

ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ನಮ್ಮ ದೇಶದ ಮಾಧ್ಯಮಿಕ ಹಂತದ ಮಕ್ಕಳಿಗಾಗಿಯೇ ವಿನ್ಯಾಸ ಮತ್ತು ತಂತ್ರಜ್ಞಾನದ ಘಟಕಗಳನ್ನು ರೂಪಿಸಿ ನಗರದ ಶಾಲೆಗಳಲ್ಲೂ ಗ್ರಾಮೀಣ ಬುಡಕಟ್ಟು ಮಕ್ಕಳ ಶಾಲೆಯಲ್ಲೂ ನಡೆಸಿ ನೋಡಿದ್ದಾರೆ. ಚೀಲ ತಯಾರಿಸುವುದು, ಭಾರ ಎತ್ತುವ ಗಾಳಿಯಂತ್ರದ ಮಾದರಿ, ಬೊಂಬೆಯಾಟ, ಇವು ಮೂರು ಘಟಕಗಳು. ಅವುಗಳಲ್ಲಿ ನನಗೆ ಬಹಳ ಉಪಯುಕ್ತವೆನಿಸಿದ್ದು, ತಯಾರಿಕೆಗೆ ಮುಂಚೆ ಮಕ್ಕಳು ಅಳತೆ ಸಹಿತ ಚಿತ್ರದ ಜತೆಗೆ ಕೆಲಸದ ಕ್ರಮವನ್ನೂ ಹಂತಹಂತವಾಗಿ ಚಿತ್ರಿಸುವ ಪದ್ಧತಿ. ನಾನು ಇದನ್ನು ಮಾಡಿಸಿದ ಕಡೆಯೆಲ್ಲ ಒಂದನ್ನು ಗಮನಿಸಿದ್ದೇನೆ: ಎರಡು ಭಾಗ ಎಲ್ಲಿ ಕೂಡುತ್ತದೋ ಅಲ್ಲಿ ಮಕ್ಕಳ ಚಿತ್ರದಲ್ಲಿ ಏನೂ ಇರುವುದಿಲ್ಲ, ಭಾಗಗಳು ಗಾಳಿಯಲ್ಲಿ ಅಂಟಿಕೊಂಡಿರುತ್ತವೆ. ಆ ಖಾಲಿ ಜಾಗಕ್ಕೆ ಬೆರಳಿಟ್ಟು ‘ಇದು ಇಲ್ಲಿ ಹೇಗೆ ನಿಲ್ಲುತ್ತದೆ?’ ಎಂದು ಕೇಳಿ. ಬೇರೆ ಪ್ರಶ್ನೆ ಬೇಕಾಗುವುದಿಲ್ಲ.

ಪ್ರಶ್ನಿಸಿದವರ ಮರುಬರಹ (ನಾಲ್ಕು ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಮಾಡಿ ನೋಡದೆ ಬರೆಯಬಾರದು ಅನ್ನಿಸಿತ್ತು. ಈ ಸಲ ಒಂಬತ್ತನೇ ತರಗತಿಯ ಐದು ಗುಂಪುಗಳಿಗೆ ‘ನಮ್ಮ ಅಡುಗೆಮನೆಯ ಕೆಲಸ’ ಎಂದಷ್ಟೇ ಕೊಟ್ಟೆ. ಒಂದು ಗುಂಪಿನ ಕಥೆಯನ್ನು ಪೂರ್ತಿ ಹೇಳುತ್ತೇನೆ.

ಆ ನಾಲ್ವರು ಮೊದಲ ದಿನವೇ ಸಾಂಬಾರು ತಾನಾಗಿ ಬಡಿಸುವ, ಮೋಟಾರು ಇರುವ ಯಂತ್ರ ಎಂದು ತೀರ್ಮಾನಿಸಿಕೊಂಡು ಬಂದಿದ್ದರು. ಬೇಡವೆನ್ನಲಿಲ್ಲ, ಮೊದಲು ಅರ್ಧ ಗಂಟೆ ಸುಮ್ಮನೆ ನೋಡಿ ಬನ್ನಿ ಎಂದೆ. ಅವರು ಬರೆದುಕೊಂಡು ಬಂದದ್ದರಲ್ಲಿ ಹೀಗೊಂದು ಸಾಲಿತ್ತು: ‘ತಪ್ಪಲೆ ತುಂಬಿದ್ದಾಗ ಅಡುಗೆ ಅಮ್ಮನಿಗೆ ತೊಂದರೆ ಇಲ್ಲ. ಕಾಲುಭಾಗ ಉಳಿದಾಗ ಎಡಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅಂಚು ಹಿಡಿದು ಓರೆ ಮಾಡುತ್ತಾರೆ, ನೆಲ ಒದ್ದೆ ಇರುವುದರಿಂದ ತಪ್ಪಲೆ ಜಾರುತ್ತದೆ, ಬಲಗೈಯಲ್ಲಿ ಸೌಟು ಇರುತ್ತದೆ.’ ಮೂರು ವರ್ಷ ದಿನಾ ಆ ಬಾಗಿಲ ಮುಂದೆಯೇ ಓಡಾಡಿದ ನಾನು ಇದನ್ನು ನೋಡಿರಲಿಲ್ಲ.

ಮೋಟಾರಿನ ಮಾತು ಅಲ್ಲಿಗೇ ನಿಂತಿತು. ನಿಬಂಧನೆಗಳನ್ನು ಬರೆಯಲು ಎರಡು ಅವಧಿ ಹಿಡಿಯಿತು, ಪ್ರತಿಯೊಂದಕ್ಕೂ ಅಳತೆ ಕೇಳುತ್ತಾ ಹೋದೆ. ತಳದ ವ್ಯಾಸ 48 ಸೆಂಟಿಮೀಟರ್ ಇರುವ ತಪ್ಪಲೆಗೆ ಹೊಂದಬೇಕು, ಒಂದೇ ಕೈಯಲ್ಲಿ ಎತ್ತುವಂತೆ 3 ಕಿಲೋ ಒಳಗಿರಬೇಕು, ಅನ್ನ ಸಾಂಬಾರು ಸಿಕ್ಕಿಕೊಳ್ಳುವ ಸಂದು ಇರಬಾರದು, ಒದ್ದೆ ನೆಲದಲ್ಲಿ ಜಾರಬಾರದು, 300 ರೂಪಾಯಿ ಮೀರಬಾರದು. ಮೊದಲ ರಟ್ಟಿನ ಮಾದರಿ ತಪ್ಪಲೆಯನ್ನು ಎತ್ತಿ ಕೂರಿಸುವ ತೊಟ್ಟಿಲಿನಂತಿತ್ತು. ಅಡುಗೆ ಅಮ್ಮ ಅದನ್ನು ಎರಡು ಸಲ ಸುತ್ತಿ ನೋಡಿ, “ಇದರ ಮೇಲೆ ಇಡೋಕೆ ಮತ್ತೆ ಎತ್ತಬೇಕಲ್ಲ ಮಕ್ಕಳೇ” ಎಂದರು. ಮಕ್ಕಳ ಮುಖ ಸಣ್ಣದಾಯಿತು. ಆಮೇಲೆ ಅವರೇ, “ಓರೆ ಮಾಡಿದಾಗ ಕಾಲಲ್ಲಿ ತಳ್ಳೋ ಹಾಗಿದ್ರೆ ಸಾಕು” ಎಂದರು. ಅಲ್ಲಿಂದ ಅದು ಒಂದು ಬೆಣೆಯಾಯಿತು.

ರಟ್ಟನ್ನು ಪದರಪದರವಾಗಿ ಅಂಟಿಸಿ 6, 9 ಮತ್ತು 12 ಸೆಂಟಿಮೀಟರ್ ಎತ್ತರದ ಮೂರು ಬೆಣೆ ಮಾಡಿ, ನೀರು ಹಾಕಿದ ತಪ್ಪಲೆಯ ಕೆಳಗೆ ಇಟ್ಟು ನೋಡಿದರು. ಆರಕ್ಕೆ ಸಾಂಬಾರು ಸೌಟಿಗೆ ಸಿಗುವಷ್ಟು ಒಂದು ಕಡೆ ಸೇರಲಿಲ್ಲ, ಹನ್ನೆರಡಕ್ಕೆ ಎದುರಿನ ಅಂಚು ಜಾರಿತು, ಒಂಬತ್ತು ನಿಂತಿತು. ಗುಂಡು ತಳ ಹೊರಳದಂತೆ ಮೇಲೆ ಬಿಲ್ಲಿನಾಕಾರದ ಕಚ್ಚು, ಕೆಳಗೆ ಹಳೆಯ ಸೈಕಲ್ ಟ್ಯೂಬು. ಮುರಿದ ಬೆಂಚಿನ ಹಲಸಿನ ಕಾಲಿನಿಂದ ಮರದ ಮಾದರಿ ಮಾಡಿದ್ದಾರೆ. ಟ್ಯೂಬು ಮರಕ್ಕೆ ಹೇಗೆ ನಿಲ್ಲುತ್ತದೆ ಎಂಬ ಮೈಸೂರಿನವರ ಪ್ರಶ್ನೆಗೆ ಉತ್ತರವಾಗಿ ಸ್ಟೀಲಿನ ಸ್ಕ್ರೂ ಬಂತು, ಎಲ್ಲ ಸೇರಿ ಖರ್ಚು 140 ರೂಪಾಯಿ.

ಅಂಕ ಹಂಚಿಕೆಯಲ್ಲಿ ತಯಾರಿಕೆಗೆ ಶಿರಸಿಯವರ ಮಾತು ನೆನೆದು 30 ಇಟ್ಟೆ. ಪರ್ಯಾಯಗಳ ಪುಟವನ್ನು ತೆಗೆದುಹಾಕಿ, ಅದರ ಬದಲಿಗೆ ‘ನಾವು ಬಿಟ್ಟದ್ದು ಏನು, ಏಕೆ?’ ಎಂಬ ಪುಟ ಇಟ್ಟಿದ್ದೇನೆ. ಪ್ರತಿ ಅವಧಿಯ ಫೋಟೊಗಳನ್ನು ಆ ಪುಟದ ಪಕ್ಕ ಇಟ್ಟು ಓದುತ್ತೇನೆ. ಐದರಲ್ಲಿ ಎರಡು ಗುಂಪುಗಳಲ್ಲಿ ಹಳೆಯ ಅಭ್ಯಾಸ ಇನ್ನೂ ಇದೆ, ತರಕಾರಿ ಹೆಚ್ಚುವ ಯಂತ್ರವನ್ನು ವಿಡಿಯೊ ನೋಡಿಯೇ ಮಾಡಿದರು, ಅವರೊಡನೆ ಇನ್ನೂ ಕೆಲಸ ಮಾಡಬೇಕಿದೆ.

ಒಂದು ಹೊಸ ತೊಂದರೆಯೂ ಎದುರಾಗಿದೆ. ಹತ್ತು ದಿನ ಬಳಸಿದ ಮೇಲೆ ಬೆಣೆಯ ತೆಳು ತುದಿ ಚಕ್ಕೆ ಏಳುತ್ತಿದೆ. ಮಕ್ಕಳು ಅದನ್ನು ‘ಬಿಟ್ಟದ್ದು’ ಪುಟದಲ್ಲಿ ಅವತ್ತೇ ಬರೆದಿದ್ದಾರೆ.

ಉತ್ತರ 6: ನಿವೃತ್ತ ವೃತ್ತಿ ಶಿಕ್ಷಣ ಶಿಕ್ಷಕ, ಶಿರಸಿ

ಓದಿ ಕಣ್ಣು ತುಂಬಿತು ಮೇಡಂ. ಬೆಣೆಯ ಓರೆಯನ್ನು ಎಳೆಗೆ ಅಡ್ಡಲಾಗಿ ಕೊಯ್ದಿರಬೇಕು, ಹಾಗಿದ್ದರೆ ತೆಳು ತುದಿಯಲ್ಲಿ ಎಳೆಗಳು ಗಿಡ್ಡವಾಗಿ ಒದೆತಕ್ಕೆ ಉದುರುತ್ತವೆ. ಮರದ ಎಳೆ ದಪ್ಪ ತುದಿಯಿಂದ ತೆಳು ತುದಿಗೆ ಉದ್ದಕ್ಕೆ ಓಡುವಂತೆ ಇನ್ನೊಂದು ತುಂಡಿನಲ್ಲಿ ಕೊಯ್ಯಿಸಿ, ತುದಿಯನ್ನು ಚೂಪು ಮಾಡದೆ ಬೆರಳಿನಷ್ಟು ದಪ್ಪ ಉಳಿಸಿ. ನೀರು ಕುಡಿಯದಂತೆ ಕೊಬ್ಬರಿ ಎಣ್ಣೆ ಹಚ್ಚಲು ಮಕ್ಕಳು ಹೊರಡಬಹುದು, ಅದು ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಒರೆಸಿ, ಪೂರ್ತಿ ಆರಿದ ಮೇಲೆ ಇನ್ನೊಂದು ಸಲ ಹಚ್ಚಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು, ಬಿಡಿಸಿ ಹೊರಗೆ ಒಣಹಾಕಿ. ಹಳೆಯ ಬೆಣೆಯನ್ನು ಎಸೆಯಬೇಡಿ, ಮುಂದಿನ ವರ್ಷದ ಮಕ್ಕಳ ಕೈಗೆ ಎರಡನ್ನೂ ಕೊಟ್ಟು ಯಾವುದು ಏಕೆ ಒಡೆಯಿತೆಂದು ಕೇಳಬಹುದು.